ಎಟ್ಟಾಲಿನ ಮಠದಲ್ಲಿ

ಜರ್ಮನಿಯ ದಕ್ಷಿಣದಂಚಿನಲ್ಲಿ, ಆಲ್ಪ್ಸ್ ಪರ್ವತಗಳ ನಡುವೆ, 900 ಮೀಟರಿಗೆ ತುಸು ಕಡಮೆ ಎತ್ತರದಲ್ಲಿರುವ ಎಟ್ಟಾಲ್ ಎಂಬ ಪುಟ್ಟ ಊರಿಗೆ ನಾನು ಹೋದುದು, 1330ರಲ್ಲಿ ನಾಲ್ಕನೆಯ ಲೂಡ್ವಿಗನು ಸ್ಥಾಪಿಸಿದ ಬೆನೆಡಿಕ್ಟೀನ್ ಮಠದ ಗುಮ್ಮಟವನ್ನು ನೋಡುವುದಕ್ಕಾಗಿ. ನನ್ನ ನಾಲ್ವರು ಮಿತ್ರರು ಬಂದುದು, ಮರೆಮಾಚುವುದೇಕೆ, ಅದೇ ಮಠದ ಬಿಯರಿಗಾಗಿ. ಮದ್ಯದ ಹೆಸರೆತ್ತಿದರೇ ಮೈಲಿಗೆಯೆನ್ನುವ ಮನೆಯಲ್ಲಿ ಬೆಳೆದ ನನಗೆ, ಲೋಕವನ್ನು ತೊರೆದ ಸಂನ್ಯಾಸಿಗಳ ಪ್ರಾರ್ಥನಾಮಂದಿರಕ್ಕೆ ಹೊಂದಿದಂತೆಯೇ ಬಿಯರಿನ ಹಂಡೆಗಳಿರುವುದು ವಿಪರೀತವಾಗಿ ತೋರಿತು.

ಆದರೆ ಒಳಗೆ ಕಾಲಿಟ್ಟೊಡನೆ ಮೂಗಿಗೆ ತಾಗಿದ ಕಂಪು ನಮ್ಮ ಅಡಿಗೆಮನೆಯದು. ನೆನೆಯಿಟ್ಟು, ಮೊಳಕೆ ಬರಿಸಿ, ಒಣಗಿಸಿ ಒಡೆದ ಬಾರ್ಲಿ ಬಿಸಿನೀರಿಗೆ ಬಿದ್ದಾಗ ಏಳುವ ಆ ಸಿಹಿ ಹಬೆ, ಮೊಳಕೆಗಟ್ಟಿದ ರಾಗಿಯನ್ನು ಹುರಿದು ಬೀಸಿ, ಎಳೆಗೂಸಿಗೆಂದು ನನ್ನ ತಾಯಿ ಸರಿ ಕಾಸುವಾಗ ಮನೆಯನ್ನೆಲ್ಲ ತುಂಬುತ್ತಿದ್ದ ಹಬೆಯೇ ಆಗಿತ್ತು. ಯೀಸ್ಟು ಸೇರುವವರೆಗೆ ಅದು ಶಿಶುವಿನ ಆಹಾರ; ಸೇರಿದ ಮೇಲೆ ಪಾತಕ! ಆ ಯೀಸ್ಟಾದರೂ, ಬಾರ್ಲಿ, ಹಾಪ್ಸ್, ನೀರು ಇವು ಮೂರನ್ನೇ ಬಿಯರಿಗೆ ಬಳಸತಕ್ಕದ್ದೆಂದು 1516ರಲ್ಲಿ ಬವೇರಿಯದ ಪ್ರಭುಗಳು ಮಾಡಿದ ಕಟ್ಟಳೆಯಲ್ಲಿ ಹೆಸರೂ ಇಲ್ಲದ ಅಜ್ಞಾತ ಜೀವಿ. ನಮ್ಮೂರ ಬೇಕರಿಯ ಬನ್ನನ್ನು ಉಬ್ಬಿಸುವುದೂ ಅದೇ. ದೋಷವಿರುವುದು ವಸ್ತುವಿನಲ್ಲಿಯೋ, ಅದನ್ನು ಮುಟ್ಟುವ ಮನಸ್ಸಿನಲ್ಲಿಯೋ?

ನಮ್ಮ ಹಿರಿಯರೂ ಇದಕ್ಕೆ ಒಂದೇ ಬಾಯಿಯಿಂದ ಉತ್ತರ ಕೊಟ್ಟವರಲ್ಲ. ಸುರಾಪಾನವನ್ನು ಮನುಸ್ಮೃತಿ ಮಹಾಪಾತಕಗಳ ಸಾಲಿಗೆ ಸೇರಿಸಿದರೆ, ಸೌತ್ರಾಮಣಿ ಯಾಗದಲ್ಲಿ ಸುರೆಯೇ ಆಹುತಿ. 12ನೆಯ ಶತಮಾನದ ಹೆಂಡದ ಮಾರಯ್ಯನಂತೂ ಹೆಂಡ ಮಾರುವ ಕಾಯಕದ ಹೆಸರನ್ನು ಹೊತ್ತೇ ಶರಣರ ಸಾಲಿನಲ್ಲಿ ವಚನಕಾರನಾಗಿ ನಿಂತನು.

ಎಟ್ಟಾಲಿನ ಸಂನ್ಯಾಸಿಗಳಿಗೂ ಆಧಾರವಾದ, ಸಂತ ಬೆನೆಡಿಕ್ಟನು 6ನೆಯ ಶತಮಾನದಲ್ಲಿ ಬರೆದ ನಿಯಮಗ್ರಂಥದ 40ನೆಯ ಅಧ್ಯಾಯ ಪಾನದ ಪ್ರಮಾಣವನ್ನು ಕುರಿತದ್ದು. ದ್ರಾಕ್ಷಾರಸವು ಸಂನ್ಯಾಸಿಗಳಿಗೆ ತಕ್ಕುದಲ್ಲವೆಂಬ ಮಾತು ಅವನಿಗೆ ತಿಳಿಯದುದಲ್ಲ. ಆದರೆ ತನ್ನ ಕಾಲದವರನ್ನು ಅದಕ್ಕೆ ಒಪ್ಪಿಸುವುದು ಆಗದ ಕೆಲಸವಾದುದರಿಂದ, ಮಿತವಾಗಿಯಾದರೂ ಕುಡಿಯಲೆಂದು ದಿನಕ್ಕೊಂದು ಹೆಮಿನ, ಎಂದರೆ ಸುಮಾರು ಕಾಲು ಲೀಟರು, ಗೊತ್ತುಮಾಡಿ, ಬಿಡಬಲ್ಲ ಶಕ್ತಿಯನ್ನು ದೇವರಿಂದ ಪಡೆದವರಿಗೆ ವಿಶೇಷ ಫಲವುಂಟೆಂದು ಸೇರಿಸುತ್ತಾನೆ. ಇದನ್ನು ನೆನೆದು ನಾನು ಒಳಗೊಳಗೇ ಹಿಗ್ಗಿದೆನು. ಹಿಗ್ಗಲು ಕಾರಣವಿರಲಿಲ್ಲ: ಬಿಡಬೇಕಾದರೆ ಮೊದಲು ಬಯಕೆಯಿರಬೇಕು, ನನ್ನದು ಹಾಗಲಕಾಯಿ ಸೇರದವನು ಹಾಗಲಕಾಯಿ ಬಿಟ್ಟೆನೆಂದು ಹೇಳಿಕೊಳ್ಳುವಂಥ ವ್ರತ. ಅಧ್ಯಾಯವಾದರೂ ಅಲ್ಲಿಗೆ ಮುಗಿಯುವುದಿಲ್ಲ. ದ್ರಾಕ್ಷಾರಸವೇ ದೊರೆಯದ ಕಡೆಯಲ್ಲಿರುವವರು ದೇವರನ್ನು ಸ್ತುತಿಸಲಿ, ಗೊಣಗದಿರಲಿ ಎಂದು ಹೇಳಿ, ಎಲ್ಲಕ್ಕಿಂತ ಮಿಗಿಲಾಗಿ ಗೊಣಗಾಟ ಕೂಡದೆಂದು ಅವನು ಲೇಖನಿಯನ್ನು ಕೆಳಗಿಡುತ್ತಾನೆ.

ಹೊರಗೆ ಬೆಂಚಿನ ಮೇಲೆ ಮಿತ್ರರು ಒಂದೊಂದೇ ಲೋಟವನ್ನು ಮುಂದಿಟ್ಟುಕೊಂಡು, ಬೆಟ್ಟದ ನೆತ್ತಿಯ ಬಿಸಿಲನ್ನು ನೋಡುತ್ತ, ಮಾತು ಸಾಕಾದಾಗ ಸುಮ್ಮನಾಗುತ್ತ ಕುಳಿತಿದ್ದರು. ನಾನು ಸೇಬಿನ ರಸವನ್ನು ಹಿಡಿದುಕೊಂಡು, ಗಾಳಿ ತಣ್ಣಗಿದೆಯೆಂದು, ಹೊತ್ತಾಯಿತೆಂದು, ಬಸ್ಸು ತಪ್ಪಿಹೋಗುವುದೆಂದು ಹೇಳುತ್ತಲೇ ಇದ್ದೆನು. ಬಸ್ಸು ತಪ್ಪಲಿಲ್ಲ. ಅದು ಬರುವುದಕ್ಕೆ ಹತ್ತು ನಿಮಿಷ ಮೊದಲೇ ನಾವು ಐವರೂ ನಿಲ್ದಾಣದಲ್ಲಿದ್ದೆವು.