ಬೇರೆಯವರ ಎಲೆಗೆ 'ಸಾಕು' ಎನ್ನುವುದು

ಸೋಮವಾರ ಸಂಜೆ ಕೋಪರಖೈರಣೆಯ ನಮ್ಮ ಮನೆಯಲ್ಲಿ ಐದಾರು ಹೆಂಗಸರು ವಚನ ಓದಲು ಸೇರುತ್ತೇವೆ. ಹೋದ ವಾರ ಆಯ್ದಕ್ಕಿ ಲಕ್ಕಮ್ಮನ ಕಥೆ ಬಂತು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಆಕೆಯ ಗಂಡ ಮಾರಯ್ಯ ಒಂದು ದಿನ ಹೆಚ್ಚು ತಂದ. ಅಲ್ಲೇ ಸುರಿದು ಬಾ ಎಂದಳು ಆಕೆ. ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು, ಚಿಕ್ಕ ಮಕ್ಕಳಿದ್ದಾರೆಯೇ ಎಂದು ಕೇಳಿ ಬರೆದುಕೊಂಡು ಹೋದರು. ಪಕ್ಕದ ಮನೆಯವರು ಹೇಳಿದರು: "ಅಕ್ಕಾ, ಇವರಿಗೆ ಒಂದೊಂದು ಕೆಲಸಕ್ಕೂ ಇಷ್ಟಿಷ್ಟು ಅಂತ ಕೊಡ್ತಾರಂತೆ. ದುಡ್ಡಿಗೆ ಮಾಡಿದ್ದು ಸೇವೆ ಹೇಗಾಗುತ್ತೆ?"

ನಾನು ಮಗನ ಮನೆಗೆ ಬರುವ ಮುಂಚೆ ಚಾಮರಾಜನಗರ ಜಿಲ್ಲೆಯ ಕಾಡಂಚಿನ ಉಪಕೇಂದ್ರದಲ್ಲಿ ನರ್ಸಮ್ಮನಾಗಿದ್ದವಳು. ತಿಂಗಳು ತಿಂಗಳು ಸಂಬಳ ಎಣಿಸಿಕೊಂಡೆ. ನಿನ್ನದು ಸೇವೆಯೋ ಕೂಲಿಯೋ ಎಂದು ನನ್ನನ್ನು ಒಬ್ಬರೂ ಕೇಳಲಿಲ್ಲ. ಕೇಳುವುದೆಲ್ಲ ನನಗಿಂತ ಕಡಿಮೆ ಪಡೆಯುವವಳನ್ನು.

ಶರಣರು ಕಾಯಕಕ್ಕೆ ಕೂಲಿ ಬೇಡ ಎನ್ನಲಿಲ್ಲ. ದುಡಿದು ತಂದದ್ದರಿಂದಲೇ ದಾಸೋಹ. ಲಕ್ಕಮ್ಮ 'ಸಾಕು' ಎಂದದ್ದು ತನ್ನ ಮಡಕೆಗೆ. ಬೇರೆಯವರ ಎಲೆಯ ಮುಂದೆ ನಿಂತು ಸಾಕು ಎನ್ನಲು ನಮಗೇನು ಅಧಿಕಾರ?

ಹಾಗೆಂದು ಹೇಗೆ ಕೊಟ್ಟರೂ ಸರಿ ಎನ್ನಲಾರೆ. ನಮ್ಮ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಸರ್ಕಾರ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್‌ಗೆ ವಹಿಸಿತು. ಕುಷ್ಠರೋಗದ ಕೆಲಸಕ್ಕೆಂದು 1986ರಲ್ಲಿ ಹುಟ್ಟಿದ ಸಂಸ್ಥೆ ಅದು. ಸರ್ಕಾರದ ಹಣ ಇಡೀ ಕೇಂದ್ರ ನಡೆಸಲು ಬರುತ್ತಿತ್ತು, ತಲೆಗಿಷ್ಟು ಎಂದಲ್ಲ. ದೂರದ ಊರಿಗೆ ಬೇಕಾದದ್ದು ಅದೇ: ಅರ್ಧರಾತ್ರಿ ಬಾಗಿಲು ತಟ್ಟಿದರೆ ಒಳಗೆ ಒಬ್ಬರು ಇರಬೇಕು. ಆ ಇರುವಿಕೆಗೆ ಕೊಡಬೇಕು.

ಆಶಾಗಳ ಲೆಕ್ಕ ಬೇರೆ. ಹಳ್ಳಿಯಲ್ಲಿ ಒಬ್ಬ ಬಸುರಿಯನ್ನು ನೋಡಿಕೊಂಡು ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದರೆ 600 ರೂಪಾಯಿ. ಒಂದೇ ಬೀದಿಯ ಮನೆಗೂ, ಆನೆ ದಾರಿ ದಾಟಿ ಹೋಗುವ ಸೋಲಿಗರ ಪೋಡಿಗೂ ಒಂದೇ ದರ. ನಡಿಗೆಗೆ ಬೆಲೆಯಿಲ್ಲ. ಕುಷ್ಠರೋಗಿಯೊಬ್ಬ, ಹೆಚ್ಚು ಮಚ್ಚೆಯವನಾದರೆ, 12 ತಿಂಗಳ ಮಾತ್ರೆ ಮುಗಿಸಿದಾಗ 600. ಮಾತ್ರೆಗೆ ರೋಗ ವಾಸಿಯಾಗುತ್ತದೆ, ಸತ್ತ ಸ್ಪರ್ಶ ಮಾತ್ರ ಮರಳುವುದಿಲ್ಲ. ಮುಳ್ಳು ಚುಚ್ಚಿದರೂ ತಿಳಿಯದ ಆ ಪಾದವನ್ನು ಬದುಕಿರುವಷ್ಟು ದಿನ ನೋಡಿಕೊಳ್ಳಬೇಕು. ನಾನು ತುಂಬುತ್ತಿದ್ದ ನಮೂನೆಯಲ್ಲಿ ಅದಕ್ಕೊಂದು ಕಲಂ ಇರಲಿಲ್ಲ.

ಅಂಥ ಒಬ್ಬ ತಾತನ ಮನೆಗೆ ನಮ್ಮ ಆಶಾ ಹುಡುಗಿ ವಾರಕ್ಕೆರಡು ಸಲ ಹೋಗುತ್ತಿದ್ದಳು. ಅವನಿಗೆ ಬಿಸಿ ಗೊತ್ತಾಗದು; ಬೋಗುಣಿಯ ನೀರಿಗೆ ಮೊದಲು ತನ್ನ ಮೊಣಕೈ ಅದ್ದಿ ನೋಡುತ್ತಿದ್ದಳು. ಕಾಲು ನೆನೆದ ಮೇಲೆ ಗಟ್ಟಿ ಚರ್ಮ ಉಜ್ಜಿ, ಒದ್ದೆ ಇರುವಾಗಲೇ ಎಣ್ಣೆ ಸವರುವುದು. ಒಂದು ದಿನ ನಾನೂ ಅಲ್ಲಿದ್ದೆ. ತಾತ ಕೇಳಿದ:

"ಇದ್ಕ ನಿಂಗ ಎಷ್ಟ್ ಕೊಟ್ಟರು ಕಣವ್ವ?"

"ಇದ್ಕ ಏನೂ ಇಲ್ಲ ತಾತ."

"ಹಂಗಾರ ಬ್ಯಾಡ" ಎಂದು ಆತ ಪಾದವನ್ನು ನೀರಿನಿಂದ ಎತ್ತಿಕೊಂಡ.

ಅವಳು ಮಾತಾಡದೆ ಆ ಕಾಲನ್ನು ಹಿಡಿದು ಮತ್ತೆ ಬೋಗುಣಿಯಲ್ಲಿಟ್ಟಳು. ನಾನು ಸಂಬಳದವಳು, ರಿಜಿಸ್ಟರ್ ಕೆಳಗಿಟ್ಟು ಎಣ್ಣೆಯ ಬಾಟಲಿ ಹುಡುಕತೊಡಗಿದೆ.