ಕ್ರಮವಿಲ್ಲದ ಕಡಲು

ಮದರಾಸಿನ ಕಡಲಿನಲ್ಲಿ ಸೂರ್ಯನು ಮುಳುಗುವುದಿಲ್ಲ. ಮಲ್ಪೆಯಲ್ಲಿಯೋ ಮರವಂತೆಯಲ್ಲಿಯೋ ಕಾರವಾರದಲ್ಲಿಯೋ ಸಂಜೆಯ ನೇಸರು ನೀರಿಗಿಳಿಯುವುದನ್ನು ನೋಡಿ ಬೆಳೆದ ಕನ್ನಡಿಗನು ಈ ಊರಿಗೆ ಬಂದು, ಅದೇ ನೋಟವನ್ನು ಬಯಸಿ ಮರೀನದ ಮರಳಿನ ಮೇಲೆ ನಿಂತನೆಂದರೆ, ಸೂರ್ಯನು ಅವನ ಬೆನ್ನ ಹಿಂದೆ, ಸೆನೆಟ್ ಹೌಸಿನ ಗುಮ್ಮಟಗಳ ಆಚೆ, ತಿರುವಲ್ಲಿಕ್ಕೇಣಿಯ ಮನೆಗಳ ಸಾಲಿನಲ್ಲಿ ಎಲ್ಲಿಯೋ ಮರೆಯಾಗಿಹೋಗಿರುತ್ತಾನೆ. ಎದುರಿಗಿರುವ ಕಡಲಿಗೆ ಅಸ್ತಮಾನದ ವಾರ್ತೆಯು ಬಣ್ಣದ ಮೂಲಕವಷ್ಟೆ ತಲುಪುತ್ತದೆ.

ಹಾಗೆಂದು ಪೂರ್ವತೀರಕ್ಕೆ ಸಂಧ್ಯಾವೈಭವವಿಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. ಮೋಡವಿಲ್ಲದ ದಿನ, ಸೂರ್ಯನು ಮರೆಯಾದ ಕೆಲವು ನಿಮಿಷಗಳಲ್ಲಿ, ಕಡಲಿನ ದಿಗಂತದಿಂದ ಬೂದು ಬೆರೆತ ನೀಲಿಯ ಪಟ್ಟಿಯೊಂದು ಮೆಲ್ಲಗೆ ಮೇಲೇಳುತ್ತದೆ. ಅದರ ಮೇಲಂಚಿಗೆ ನಸುಗೆಂಪಿನ ಇನ್ನೊಂದು ಪಟ್ಟಿ. ಬಹುಮಂದಿ ಅದನ್ನು ದೂರದ ಮೋಡವೆಂದೋ ಮಂಜೆಂದೋ ತಿಳಿದು ಸುಮ್ಮನಾಗುತ್ತಾರೆ. ವಾಸ್ತವವಾಗಿ ಅದು ನಾವು ನಿಂತಿರುವ ಈ ಭೂಮಿಯ ನೆರಳು. ಸೂರ್ಯನು ಪಶ್ಚಿಮದಲ್ಲಿ ಇಳಿದಷ್ಟೂ ಅದು ಪೂರ್ವದ ವಾಯುಮಂಡಲದಲ್ಲಿ ಏರಿ, ಕಡೆಗೆ ಇರುಳಿನಲ್ಲಿ ಲೀನವಾಗುತ್ತದೆ. ಸೂರ್ಯನು ಎಂದಿಗೂ ಉದಯಿಸುವುದಿಲ್ಲ, ಎಂದಿಗೂ ಅಸ್ತಂಗತನಾಗುವುದಿಲ್ಲ, ಹಗಲಿನ ಕೊನೆಯನ್ನು ಮುಟ್ಟಿ ಅವನು ತಿರುಗಿಕೊಳ್ಳುವುದನ್ನೇ ಜನರು ಅಸ್ತಮಾನವೆಂದು ಎಣಿಸುತ್ತಾರೆ ಎಂಬರ್ಥದ ಮಾತೊಂದು ಐತರೇಯ ಬ್ರಾಹ್ಮಣದಲ್ಲಿದೆ. ಆ ಮಾತಿನ ಋಷಿಗೆ ಖಗೋಳಶಾಸ್ತ್ರವೆಷ್ಟು ತಿಳಿದಿತ್ತೆಂಬ ಚರ್ಚೆ ನನಗೆ ಬೇಡ. ಕಣ್ಣಿಗೆ ಕಂಡದ್ದಕ್ಕೂ ನಡೆದದ್ದಕ್ಕೂ ನಡುವೆ ಅಂತರವಿರಬಹುದೆಂಬ ಸಂದೇಹ ಅವನಿಗಿತ್ತಲ್ಲ, ಅಷ್ಟು ಸಾಕು.

ಈ ಹೊತ್ತಿಗೆ ಸರಿಯಾಗಿ ಕಡಲದಂಡೆಗೆ ಬರುವ ಒಂದು ಜಾತಿಯ ಛಾಯಾಗ್ರಾಹಕರಿದ್ದಾರೆ. ಅಡಯಾರು ನದಿಯ ಅಳಿವೆಯಲ್ಲಿ, 1967ರಲ್ಲಿ ಕಟ್ಟಿ 1977ರಲ್ಲಿ ನೀರಿನ ಪಾಲಾದ ಸೇತುವೆಯ ಮುರಿದ ಕೊನೆಯ ಬಳಿ, ಬೆಸೆಂಟ್ ನಗರದ ಎಲಿಯಟ್ಸ್ ಬೀಚಿನಲ್ಲಿ, ಉತ್ತರದ ತಿರುವೊಟ್ರಿಯೂರಿನ ಕಡೆ ಕಡಲಕೊರೆತವನ್ನು ತಡೆಯಲೆಂದು ಸುರಿದಿರುವ ಬಂಡೆಗಳ ನಡುವೆ, ಇವರು ಟ್ರೈಪಾಡನ್ನು ಊರಿ ನಿಲ್ಲುತ್ತಾರೆ. ಇವರಿಗೆ ಸಂಜೆಯೊಂದೇ ಸಾಲದು, ಉಬ್ಬರವೂ ಬೇಕು. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ಅಸ್ತಮಾನವೂ ತುಂಬುನೀರೂ ಒಂದಾಗಿ ಒದಗುವುದು ಪಕ್ಷಕ್ಕೆ ಕೆಲವೇ ದಿನ. ಮದರಾಸಿನಲ್ಲಿ ನೀರಿನ ಏರಿಳಿತವಾದರೂ ದೊಡ್ಡದೇನಲ್ಲ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿಯೂ ಹೆಚ್ಚುಕಡಮೆ ಒಂದು ಮೀಟರು. ಆದರೆ ಆ ಒಂದು ಮೀಟರಿನಲ್ಲಿ ಬಂಡೆಯ ಬುಡ ಮುಚ್ಚಿ ತಲೆ ಮಾತ್ರ ಉಳಿಯುತ್ತದೆ, ಅವರಿಗೆ ಬೇಕಾದುದು ಅದೇ. ಲೆನ್ಸಿನ ಮುಂದೆ ಅವರು ಕಪ್ಪು ಗಾಜೊಂದನ್ನು ಹಾಕುತ್ತಾರೆ. ಎನ್‌ಡಿ ಫಿಲ್ಟರ್ ಎಂದು ಕರೆಯುವ ಆ ಗಾಜು, ಹತ್ತು ಸ್ಟಾಪಿನದಾದರೆ, ಬೆಳಕಿನಲ್ಲಿ ಸಾವಿರದಲ್ಲೊಂದು ಪಾಲನ್ನು ಮಾತ್ರ ಒಳಗೆ ಬಿಡುತ್ತದೆ. ಸೆಕೆಂಡಿನ ಮೂವತ್ತರಲ್ಲೊಂದು ಭಾಗದಲ್ಲಿ ಮುಗಿಯಬೇಕಾಗಿದ್ದ ಚಿತ್ರಕ್ಕೆ ಆಗ ಅರ್ಧ ನಿಮಿಷಕ್ಕೂ ಮಿಕ್ಕಿ ಕಾಲ ಬೇಕಾಗುತ್ತದೆ. ಬೆಳಕು ಇನ್ನೂ ಕುಗ್ಗಿದ ಮೇಲೆ ಎರಡು ನಿಮಿಷ, ನಾಲ್ಕು ನಿಮಿಷ. ಅಷ್ಟು ಹೊತ್ತೂ ಶಟರು ತೆರೆದೇ ಇರುತ್ತದೆ. ಪ್ರತಿಯೊಂದು ಅಲೆಯೂ ಹಿಂದಿರುಗುವಾಗ ಟ್ರೈಪಾಡಿನ ಕಾಲಡಿಯ ಮರಳನ್ನು ಒಂದಿಷ್ಟು ಸೆಳೆದೊಯ್ಯುತ್ತದೆ, ಗಾಜಿನ ಮೇಲೆ ಉಪ್ಪಿನ ಹನಿ ಕೂರುತ್ತದೆ, ಅದನ್ನು ಒರೆಸಹೋದರೆ ಕ್ಯಾಮೆರಾ ಅಲುಗುತ್ತದೆ.

ಇಷ್ಟು ಕ್ಲೇಶದಿಂದ ಲಭಿಸಿದ ಚಿತ್ರದಲ್ಲಿ ಕಡಲಿಲ್ಲ! ಅಲೆಗಳಿದ್ದ ಸ್ಥಳದಲ್ಲಿ ಬೆಳ್ಳನೆಯ ಹೊಗೆಯಂಥ ಒಂದು ಮೃದುತ್ವ ಹರಡಿರುತ್ತದೆ, ಬಂಡೆಯು ಮೋಡದಿಂದ ಎದ್ದ ಗಿರಿಶಿಖರದಂತೆ ಕಾಣುತ್ತದೆ. ಹೊರಬಂದರಿನಲ್ಲಿ ಲಂಗರು ಹಾಕಿ ಕಾದಿರುವ ಹಡಗಿನ ದೀಪವು ಬಿಂದುವಾಗಿರದೆ ಸಣ್ಣ ಗೀರಾಗಿರುತ್ತದೆ. ತೇಂಗಾ, ಮಾಂಗಾ, ಪಟ್ಟಾಣಿ ಸುಂಡಲ್ ಎಂದು ಕೂಗುತ್ತ ಡಬ್ಬಿ ಹಿಡಿದು ಚೌಕಟ್ಟಿನ ಈ ಕೊನೆಯಿಂದ ಆ ಕೊನೆಗೆ ನಡೆದುಹೋದ ಹುಡುಗನ ಕುರುಹು ಎಲ್ಲಿಯೂ ಇಲ್ಲ. 1838ರಲ್ಲಿ ದಾಗೆರ್ ಎಂಬವನು ಪ್ಯಾರಿಸ್ಸಿನ ಜನನಿಬಿಡವಾದ ಬೀದಿಯೊಂದನ್ನು ಕಿಟಕಿಯಿಂದ ಚಿತ್ರಿಸಿದಾಗಲೂ ಹೀಗೆಯೇ ಆಯಿತು: ಗಾಡಿಗಳೂ ದಾರಿಗರೂ ಅಳಿಸಿಹೋಗಿ, ಬೂಟಿಗೆ ಪಾಲಿಶು ಮಾಡಿಸಿಕೊಳ್ಳುತ್ತ ನಿಂತಿದ್ದವನೊಬ್ಬನು ಮಾತ್ರ ಸ್ಪಷ್ಟವಾಗಿ ಉಳಿದನು. ಅಂದು ಅದು ಯಂತ್ರದ ದೌರ್ಬಲ್ಯ. ಅಲೆಯನ್ನು ಸೆರೆಹಿಡಿಯಬೇಕೆಂದು 1856–57ರ ವೇಳೆಗೆ ಫ್ರಾನ್ಸಿನ ಗುಸ್ತಾವ್ ಲ ಗ್ರೆ ಕಡಲಿಗೊಂದು ಆಕಾಶಕ್ಕೊಂದು ನೆಗೆಟಿವು ತೆಗೆದು ಎರಡನ್ನೂ ಕೂಡಿಸಿ ಅಚ್ಚು ಹಾಕಿದನು. ಅವನ ಸಂತತಿಯವರು ಇಂದು, ಸೆಕೆಂಡಿನ ಸಾವಿರದಲ್ಲೊಂದು ಭಾಗವನ್ನು ಹಿಡಿಯಬಲ್ಲ ಯಂತ್ರಕ್ಕೆ ಹಣ ತೆತ್ತು, ಅದನ್ನು ಕುರುಡಾಗಿಸಲು ಕಪ್ಪು ಗಾಜಿಗೆ ಮತ್ತೆ ಹಣ ತೆರುತ್ತಾರೆ.

ನನಗೆ ಈ ಚಿತ್ರಗಳ ಮೇಲೆ ದ್ವೇಷವಿಲ್ಲ, ಕೆಲವು ಬಹು ಸುಂದರವಾಗಿವೆ. ಆದರೆ ಅವುಗಳನ್ನು ನೋಡಿದವರು ಸಾಮಾನ್ಯವಾಗಿ ಆಡುವ ಮಾತೊಂದುಂಟು: ಕಡಲಿನ ಚಾಂಚಲ್ಯವೆಲ್ಲ ಕಳೆದು ಅದರ ಶಾಂತಸ್ವರೂಪವು ಇಲ್ಲಿ ಪ್ರಕಟವಾಗಿದೆ, ಕಾಲವು ಕಳಚಿಬಿದ್ದು ನಿತ್ಯವು ಕಂಡಿದೆ ಎಂದು. ಮಾತು ಗಂಭೀರವಾದುದು. ಆದಕಾರಣ ಅದನ್ನು ಗಂಭೀರವಾಗಿಯೇ ಪರೀಕ್ಷಿಸತಕ್ಕದ್ದು.

ಪರೀಕ್ಷೆಗೆ ಮೊದಲು ಬೌದ್ಧರನ್ನು ಕರೆಯೋಣ, ಏಕೆಂದರೆ ಕ್ಷಣದ ಲೆಕ್ಕವನ್ನು ಅವರಷ್ಟು ಕಟ್ಟುನಿಟ್ಟಾಗಿ ಇಟ್ಟವರು ವಿರಳ. ವಸುಬಂಧುವಿನ ಅಭಿಧರ್ಮಕೋಶದ ಎಣಿಕೆಯಂತೆ 120 ಕ್ಷಣಗಳಿಗೆ ಒಂದು ತತ್ಕ್ಷಣ, 60 ತತ್ಕ್ಷಣಗಳಿಗೆ ಒಂದು ಲವ, 30 ಲವಗಳಿಗೆ ಒಂದು ಮುಹೂರ್ತ, 30 ಮುಹೂರ್ತಗಳಿಗೆ ಒಂದು ಅಹೋರಾತ್ರ. ಗುಣಿಸಿ ಭಾಗಿಸಿದರೆ ಒಂದು ಕ್ಷಣವು ನಮ್ಮ ಸೆಕೆಂಡಿನ 75ರಲ್ಲೊಂದು ಭಾಗವಾಗುತ್ತದೆ. ಸಾಧಾರಣ ಬೆಳಕಿನಲ್ಲಿ ಸಾಧಾರಣ ಕ್ಯಾಮೆರಾ ಒಂದು ಚಿತ್ರಕ್ಕೆ ತೆಗೆದುಕೊಳ್ಳುವ ಕಾಲವೂ ಸುಮಾರು ಇಷ್ಟೇ ಎಂಬುದು ಆಕಸ್ಮಿಕವಾದರೂ ರಮಣೀಯವಾಗಿದೆ. ಎರಡು ನಿಮಿಷ ತೆರೆದಿಟ್ಟ ಶಟರಿನೊಳಗೆ ಈ ಲೆಕ್ಕದಲ್ಲಿ 9000 ಕ್ಷಣಗಳು ಬಂದು ಬೀಳುತ್ತವೆ. ಪ್ರತಿಕ್ಷಣವೂ ಹುಟ್ಟಿದಲ್ಲಿಯೇ ನಾಶವಾಗುವುದು, ಮುಂದಿನದು ಅದಕ್ಕೆ ಸದೃಶವಾದ ಬೇರೊಂದು, ನಡುವೆ ಒಂದೇ ವಸ್ತು ನಡೆದುಬಂದಿದೆಯೆನ್ನುವುದು ನಮ್ಮ ಕಲ್ಪನೆ ಎಂದು ಸಾರಿದ ಪರಂಪರೆಗೆ ಈ ಚಿತ್ರವು ಒಳ್ಳೆಯ ಸಾಕ್ಷಿಯಾಗಬಹುದು. ಮದರಾಸಿಗೆ ಸಮೀಪದ ಕಂಚಿಯ ಕಡೆಯವನೆಂದು ಐತಿಹ್ಯವು ಹೇಳುವ ದಿಙ್ನಾಗನು ಇದನ್ನು ನೋಡಿದ್ದರೆ, ನೀವು ನಿತ್ಯವೆನ್ನುವುದು ಒಂಬತ್ತು ಸಾವಿರ ಹೆಣಗಳ ರಾಶಿ ಎಂದು ನಗುತ್ತಿದ್ದನೋ ಏನೋ.

ವೇದಾಂತಿಯು ಸುಮ್ಮನಿರುವವನಲ್ಲ. ಹಿಂದಿನ ಕ್ಷಣಕ್ಕೂ ಇಂದಿನ ಕ್ಷಣಕ್ಕೂ ಸಾದೃಶ್ಯವುಂಟೆಂದು ಹೇಳಬೇಕಾದರೆ, ಎರಡನ್ನೂ ಕಂಡವನೊಬ್ಬನು ಎರಡು ಕ್ಷಣ ಉಳಿದಿರಬೇಕಲ್ಲವೆ ಎಂಬುದು ಬ್ರಹ್ಮಸೂತ್ರಭಾಷ್ಯದಲ್ಲಿ ಶಂಕರರು ಎತ್ತಿದ ಪ್ರಶ್ನೆ. ಬಂಡೆ ಸ್ಪಷ್ಟವಾಗಿರುವುದು ಟ್ರೈಪಾಡು ನಿಂತದ್ದರಿಂದ. ನಿಂತದ್ದೊಂದು ಇಲ್ಲದಿದ್ದರೆ ಹರಿದದ್ದು ಹರಿದದ್ದೆಂದು ಸಹ ತಿಳಿಯುತ್ತಿರಲಿಲ್ಲ. ಇದು ನ್ಯಾಯವಾದ ಮಾತು. ಆದರೆ ನಮ್ಮಲ್ಲಿ ಕೆಲವರು ಇಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ, ಅಲೆಯೆಂಬ ನಾಮರೂಪವು ಅಳಿದು ನೀರೆಂಬ ತತ್ತ್ವವು ಉಳಿದಿರುವುದನ್ನು ಈ ಚಿತ್ರ ಪ್ರತ್ಯಕ್ಷವಾಗಿ ತೋರಿಸುತ್ತದೆಯೆಂದು ಉತ್ಸಾಹಪಡುತ್ತಾರೆ. ಅದ್ವೈತದ ದೃಷ್ಟಾಂತಕ್ಕೆ ಇದಕ್ಕಿಂತ ಹೆಚ್ಚಿನ ಅಪಚಾರವಿಲ್ಲ. ಅಲೆಯು ಅಲೆಯಾಗಿರುವಾಗಲೇ ನೀರು. ನೀರನ್ನು ಕಾಣಲು ಅಲೆಯನ್ನು ಒರೆಸಿಹಾಕಬೇಕಾಗಿಲ್ಲ. ಒರೆಸಿದ ಮೇಲೆ ಮಾತ್ರ ದೊರೆಯುವ ತತ್ತ್ವವು ಒರೆಸುವಿಕೆಯ ಫಲವೇ ಹೊರತು ತತ್ತ್ವವಲ್ಲ. ಮೇಲಾಗಿ, ಚಿತ್ರದಲ್ಲಿ ಉಳಿದಿರುವುದು ನೀರಿನಂತೆ ಕಾಣುವುದೂ ಇಲ್ಲ. ಅದು ಹೊಗೆ.

ಹಾಗಾದರೆ ಆ ಎರಡು ನಿಮಿಷಗಳಲ್ಲಿ ಕಳೆದುಹೋದದ್ದು ಯಾವುದು? ಬೆಳಕು ಕಳೆದುಹೋಗಿಲ್ಲ, ಪ್ರತಿಯೊಂದು ಅಲೆಯ ಹೊಳಪೂ ಸೆನ್ಸರಿನ ಮೇಲೆ ಬಿದ್ದು ಕೂಡಿಕೊಂಡಿದೆ. ಕಳೆದದ್ದು ಕ್ರಮ. ಯಾವ ಅಲೆ ಮೊದಲು ಬಂದಿತು, ಯಾವುದು ಆಮೇಲೆ ಬಂದಿತು ಎಂಬುದನ್ನು ಈ ಚಿತ್ರದಿಂದ ಯಾರೂ ಹೇಳಲಾರರು. ಮೊದಲನೆಯ ಅಲೆ ಕೊನೆಗೂ ಕೊನೆಯದು ಮೊದಲಿಗೂ ಬಂದಿದ್ದರೆ ಇದರಲ್ಲಿ ಒಂದು ಚುಕ್ಕೆಯೂ ವ್ಯತ್ಯಾಸವಾಗುತ್ತಿರಲಿಲ್ಲ, ಏಕೆಂದರೆ ಸಂಕಲನಕ್ಕೆ ಹಿಂದುಮುಂದಿನ ಹಂಗಿಲ್ಲ. ಯೋಗಸೂತ್ರದ ವ್ಯಾಸಭಾಷ್ಯವು ಕ್ಷಣವೊಂದೇ ವಾಸ್ತವವೆಂದೂ, ಎರಡು ಕ್ಷಣಗಳು ಎಂದಿಗೂ ಜೊತೆಯಾಗಿರಲಾರವೆಂದೂ, ಮುಹೂರ್ತ ಅಹೋರಾತ್ರಗಳೆಲ್ಲ ಬುದ್ಧಿಯು ಒಟ್ಟುಗೂಡಿಸಿದ ಸಮಾಹಾರವೆಂದೂ ಹೇಳುತ್ತದೆ. ಛಾಯಾಗ್ರಾಹಕನು ಮಾಡಿರುವುದು ಅಂಥ ಸಮಾಹಾರವನ್ನೇ, ಆದರೆ ಬುದ್ಧಿಯಿಲ್ಲದ ಸಮಾಹಾರವನ್ನು. ಬುದ್ಧಿಯು ಕೂಡಿಸುವಾಗ ಒಂದರ ಮುಂದೊಂದಾಗಿ ಕೂಡಿಸುತ್ತದೆ, ಸೆನ್ಸರು ಒಂದರ ಮೇಲೊಂದಾಗಿ ಪೇರಿಸುತ್ತದೆ. ಗಾಯಕನ ರಾಗಾಲಾಪನೆಯ ಸ್ವರಗಳನ್ನೆಲ್ಲ ಒಮ್ಮೆಗೇ ನುಡಿಸಿದರೆ ರಾಗದ ನಿತ್ಯಸ್ವರೂಪವೇನೂ ಕೇಳಿಬರುವುದಿಲ್ಲ, ಗದ್ದಲ ಕೇಳಿಬರುತ್ತದೆ. ಕಡಲಿನ ವಿಷಯದಲ್ಲಿ ಆ ಗದ್ದಲವು ಕಣ್ಣಿಗೆ ಮೃದುವಾಗಿರುವುದರಿಂದ ನಾವು ಅದನ್ನು ಶಾಂತಿಯೆಂದು ಕರೆದುಬಿಟ್ಟಿದ್ದೇವೆ. ನಿತ್ಯವು ಇದ್ದರೆ, ಅದು ಕ್ರಮವನ್ನು ಕೆಡಿಸಿ ಪಡೆದ ಸರಾಸರಿಯಲ್ಲ.

ಈ ಸಂದರ್ಭದಲ್ಲಿ ಉಡುಪಿಯ ಆಚಾರ್ಯರ ಸಿದ್ಧಾಂತವೊಂದು ನನಗೆ ಹೆಚ್ಚು ಪ್ರಯೋಜನಕರವಾಗಿ ತೋರುತ್ತದೆ. ಮಧ್ವಮತದಲ್ಲಿ ಕಾಲವು ಕಲ್ಪನೆಯಲ್ಲ, ಸತ್ಯ. ಅದನ್ನು ಅರಿಯುವುದು ಕಣ್ಣಾಗಲಿ ಕಿವಿಯಾಗಲಿ ಅಲ್ಲ, ನೇರವಾಗಿ ಸಾಕ್ಷಿಯೇ, ಎಂದರೆ ಒಳಗಿದ್ದು ಅರಿಯುವ ಆತ್ಮವೇ. ಇದರ ಅರ್ಥ ಏನೆಂದು ತಿಳಿಯಬೇಕಾದರೆ ಶಟರು ತೆರೆದಿರುವಾಗ ಕ್ಯಾಮೆರಾವನ್ನು ಬಿಟ್ಟು ಅದರ ಪಕ್ಕದಲ್ಲಿ ನಿಂತಿರುವವನನ್ನು ನೋಡಬೇಕು. ಅವನಿಗೆ ಆ ಎರಡು ನಿಮಿಷ ಮಾಡತಕ್ಕ ಕೆಲಸವಿಲ್ಲ. ಕೈಯನ್ನು ಕಟ್ಟಿಕೊಂಡು ನಿಂತಿರುತ್ತಾನೆ, ಒಂದು ಅಲೆ ಪಾದವನ್ನು ಮುಚ್ಚುತ್ತದೆ, ಹಿಂದಿರುಗುತ್ತದೆ, ಇನ್ನೊಂದು ಮೊಣಕಾಲಿಗೆ ಬರುತ್ತದೆ, ಅವನು ಟ್ರೈಪಾಡಿನತ್ತ ಕಳವಳದಿಂದ ನೋಡುತ್ತಾನೆ, ಮೂರನೆಯದು ಬರಲಿಲ್ಲವೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ಅದು ಬಂದೇ ಬರುತ್ತದೆ. ಕಾಲವು ಹರಿದುದು ಅವನಲ್ಲಿ. ಮನೆಗೆ ಒಯ್ದ ಚಿತ್ರದಲ್ಲಿ ಅದರ ತುಣುಕೂ ಇಲ್ಲ.

ನಿಂತ ದಡವಾದರೂ ಸ್ಥಿರವೆ? 1875ರ ತರುವಾಯ ಬಂದರಿನ ಕಲ್ಲುಕಟ್ಟೆಗಳು ಕಡಲೊಳಗೆ ಚಾಚಿಕೊಂಡ ಮೇಲೆ, ದಕ್ಷಿಣದಿಂದ ಉತ್ತರಕ್ಕೆ ಸರಿಯುತ್ತಿದ್ದ ಮರಳು ಅಲ್ಲಿ ತಡೆದುನಿಂತು ಮರೀನದ ವಿಸ್ತಾರ ಬೆಳೆಯಿತು, ಬಂದರಿನಾಚೆಯ ರಾಯಪುರ ತಿರುವೊಟ್ರಿಯೂರುಗಳ ದಡವು ಮರಳಿಲ್ಲದೆ ಸವೆಯಿತು. ಹಿಂದೊಮ್ಮೆ ಕಡಲು ಸೇಂಟ್ ಜಾರ್ಜ್ ಕೋಟೆಯ ಸಮೀಪಕ್ಕೇ ಬರುತ್ತಿತ್ತು. ಗವರ್ನರ್ ಗ್ರಾಂಟ್ ಡಫ್ ಮರೀನವೆಂದು ಹೆಸರಿಟ್ಟು 1884ರಲ್ಲಿ ವಿಹಾರಪಥವನ್ನು ಮಾಡಿಸಿದ್ದು ಹೀಗೆ ಬೆಳೆಯುತ್ತಿದ್ದ ದಡದ ಮೇಲೆ. ತಿರುವೊಟ್ರಿಯೂರಿನ ಬಂಡೆಗಳ ಮೇಲೆ ಟ್ರೈಪಾಡು ಹೂಡಿ ನಿತ್ಯವನ್ನು ಹುಡುಕುವವನು, ಆ ಬಂಡೆಗಳು ಅಲ್ಲಿರುವುದೇ ದಡ ನಿಲ್ಲಲಿಲ್ಲವೆಂಬ ಕಾರಣಕ್ಕೆ ಎಂಬುದನ್ನು ನೆನೆಯುವುದು ಒಳ್ಳೆಯದು.

ಎಲಿಯಟ್ಸ್ ಬೀಚಿನಲ್ಲಿ ಬಿಳಿಯ ಕಮಾನಿನ ಸ್ಮಾರಕವೊಂದಿದೆ. 1930ರ ಡಿಸೆಂಬರ್ 30ರಂದು ಅಲ್ಲಿ ಇತರರನ್ನು ಉಳಿಸಲು ಹೋಗಿ ನೀರಿನಲ್ಲಿ ಪ್ರಾಣ ನೀಗಿದ ಕಾರ್ಲ್ ಶ್ಮಿಟ್ ಎಂಬ ಯುರೋಪೀಯನ ನೆನಪಿಗೆ ಕಟ್ಟಿದ್ದು. ಇಂದಿನ ಛಾಯಾಗ್ರಾಹಕರಿಗೆ ಅದು ಪ್ರಿಯವಾದ ವಸ್ತು. ಸುತ್ತ ಓಡಾಡುವ ಜನರೆಲ್ಲ ಅಳಿಸಿಹೋಗಿ ಕಮಾನು ಮಾತ್ರ ನಿಶ್ಚಲವಾಗಿ ನಿಂತಿರುವ ಚಿತ್ರವು ನೋಡಲು ಗಂಭೀರವಾಗಿರುತ್ತದೆ. ಆದರೆ ಅವನು ನೀರಿಗಿಳಿದ ಹೊತ್ತಿನಲ್ಲಿ ಅಲ್ಲಿ ಯಾರಾದರೂ ಹೀಗೆ ಶಟರು ತೆರೆದು ನಿಂತಿದ್ದರೆ ಏನು ದೊರೆಯುತ್ತಿತ್ತು? ಓಡಿದವನೂ ಮುಳುಗುತ್ತಿದ್ದವರೂ ಮೇಲೆತ್ತಿದ ಕೈಗಳೂ ಯಾವುದೂ ಇಲ್ಲದ, ಹಾಲಿನಂತೆ ಬೆಳ್ಳಗಿನ, ಪರಮಶಾಂತವಾದ ಒಂದು ಕಡಲು. ಸಾಹಸವಾಗಲಿ ಕರುಣೆಯಾಗಲಿ ಮರಣವಾಗಲಿ ಒಂದಾದ ಮೇಲೊಂದಾಗಿ ನಡೆಯತಕ್ಕವು. ಕ್ರಮವನ್ನು ತೆಗೆದುಹಾಕಿದ ದೃಷ್ಟಿಗೆ ಅವು ಗೋಚರವಾಗಲಾರವು. 2004ರ ಡಿಸೆಂಬರ್ 26ರ ಬೆಳಿಗ್ಗೆ ಇದೇ ದಡದ ಮೇಲೆ ನುಗ್ಗಿದ ಸುನಾಮಿಯ ನೀರಿಗೂ ಈ ಮಾತು ಸಲ್ಲುತ್ತದೆ. ಭಗವಂತನ ದೃಷ್ಟಿ ಹೇಗಿರುವುದೆಂದು ನಾನು ಹೇಳಬಲ್ಲವನಲ್ಲ, ಆದರೆ ಅದು ಇಂಥದಾಗಿರಲಾರದೆಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಛಾಯಾಗ್ರಾಹಕ ಮಿತ್ರರಲ್ಲಿ ನನ್ನ ವಿಜ್ಞಾಪನೆ ಸಣ್ಣದು. ಚಿತ್ರವನ್ನು ತೆಗೆಯಿರಿ, ಪ್ರದರ್ಶನದಲ್ಲಿಯೂ ಇಡಿ. ಅದರ ಕೆಳಗೆ "ಅನಂತ", "ಧ್ಯಾನ", "ಮೌನ" ಎಂದು ಬರೆಯುವುದನ್ನು ಬಿಟ್ಟು, ಶಟರು ಎಷ್ಟು ಸೆಕೆಂಡು ತೆರೆದಿತ್ತೆಂಬುದನ್ನು ಬರೆಯಿರಿ.