ಗ್ರಂಥಪಾಲಕರ ಕಾಯಕ

ಸಾರ್ವಜನಿಕ ಗ್ರಂಥಾಲಯದ ಸಿಬ್ಬಂದಿಯ ನೇಮಕಾತಿ, ವರ್ಗಾವಣೆ, ನಿವೃತ್ತಿಗಳ ವಾರ್ತೆ ಮೇಲ್ನೋಟಕ್ಕೆ ಆಡಳಿತದ ವಿಷಯವೆನಿಸಿದರೂ, ಸೇವೆ ಸಲ್ಲಿಸುವವರು ಬದಲಾಗುತ್ತಲೇ ಇರುವಾಗ ಸಂಸ್ಥೆಯಲ್ಲಿ ಉಳಿಯುವುದೇನು ಎಂಬ ತಾತ್ತ್ವಿಕ ಪ್ರಶ್ನೆಯನ್ನು ಅದು ಒಳಗೊಂಡಿದೆ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಕೊನೆಯದು ಗ್ರಂಥಾಲಯವನ್ನು ಬೆಳೆಯುವ ಜೀವಿಯಾಗಿ ಕಾಣುತ್ತದೆ. ಪುಸ್ತಕ, ಓದುಗ, ಸಿಬ್ಬಂದಿ ಎಂಬ ಅದರ ಅಂಗಗಳು ಹೊಸತಾಗುತ್ತಿದ್ದರೂ ಜೀವ ಅಖಂಡವಾಗಿ ಮುಂದುವರಿಯುತ್ತದೆ.

ಈ ಅಖಂಡತೆಯ ನೆಲೆಯನ್ನು 12ನೆಯ ಶತಮಾನದ ಶರಣರ ಕಾಯಕ, ಎಂದರೆ ದೈವಾರ್ಪಣೆಯ ಭಾವದಿಂದ ಮಾಡುವ ಸತ್ಯಶುದ್ಧ ದುಡಿಮೆ, ಮತ್ತು ದಾಸೋಹ, ಎಂದರೆ ಅದರ ಫಲವನ್ನು ಸಮುದಾಯಕ್ಕೆ ಸಲ್ಲಿಸುವ ವಿನಯ, ಎಂಬ ಪರಿಕಲ್ಪನೆಗಳು ತಿಳಿಯಾಗಿಸುತ್ತವೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ನಾಡಿನ ಗ್ರಂಥಾಲಯಗಳಿಗೆ ಕಾನೂನಿನ ದೇಹವನ್ನು ಕೊಟ್ಟಿತು. ಅರಿವನ್ನು ಅರಸಿ ಬಂದವರಿಗೆ ಭೇದವೆಣಿಸದೆ ಪುಸ್ತಕ ನೀಡುವ, ಉತ್ತರಾಧಿಕಾರಿಗೂ ದಾಟುವ ನಿಷ್ಠೆಯೇ ಆ ದೇಹದ ಪ್ರಾಣ.